ಹಳೆಯ ಪಂಚೆ, ಹುಳುಕಡ್ಡಿ

ಈ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದಾಗ ಒಳಗಿನಿಂದ ಪರ್ರ್ ಎಂದು ಬಟ್ಟೆ ಹರಿಯುವ ಸದ್ದು ಕೇಳಿಸಿತು. ಇಣುಕಿದರೆ, ನನ್ನ ಹೆಂಡತಿ ನನ್ನ ಹಳೆಯ ಪಂಚೆಯನ್ನು ತುಂಡು ಮಾಡುತ್ತ ಕೂತಿದ್ದಳು. ಒಗೆದು ಒಗೆದು ಮೆತ್ತಗಾಗಿದ್ದ, ನನಗೆ ಬಹಳ ಹೊಂದಿಕೊಂಡಿದ್ದ ಪಂಚೆ. ಸ್ಕೂಟರ್ ಒರೆಸಲಿಕ್ಕಿರಬೇಕು ಎಂದುಕೊಂಡು ಸುಮ್ಮನಾದೆ. ಆದರೆ ಆ ಸದ್ದು ನನ್ನನ್ನು ನೇರವಾಗಿ ನುಗ್ಗೇಹಳ್ಳಿಯ ಶಿವಲಿಂಗಪ್ಪನವರ ಬಳಿ ಕರೆದೊಯ್ದಿತು. ಬಾಯಲ್ಲಿದ್ದ ಪೇಸ್ಟನ್ನು ಉಗುಳುವುದೂ ಮರೆತುಹೋಯಿತು.

ನಾನು ಹಾಸನದಲ್ಲಿ ಚರ್ಮದ ಡಾಕ್ಟರು. ಈ ಕೆಲಸದ ದುರ್ದೆಸೆ ಏನೆಂದು ನಿಮಗೆ ಹೇಳಬೇಕು. ಹೃದಯದ ಡಾಕ್ಟರ ಮುಂದೆ ಜನ ಕೈಕಟ್ಟಿ ಕೂರುತ್ತಾರೆ. ಹೃದಯ ಯಾರಿಗೂ ಕಾಣುವುದಿಲ್ಲ ನೋಡಿ. ಚರ್ಮ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಎಲ್ಲರೂ ಅರ್ಧ ಡಾಕ್ಟರಾಗಿಯೇ ನನ್ನ ಬಾಗಿಲಿಗೆ ಬರುತ್ತಾರೆ. ಹೊಳೆನರಸೀಪುರದ ಮೇಷ್ಟ್ರೊಬ್ಬರು ತಮ್ಮ ಬೆನ್ನಿನ ಫೋಟೋವನ್ನು ಮೊದಲು ಮೊಬೈಲಿಗೆ ತೋರಿಸಿ, ಅದು ಹೇಳಿದ ಕಾಯಿಲೆಯ ಹೆಸರನ್ನು ನಾನೂ ಹೇಳುತ್ತೇನೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಬಂದಿದ್ದರು. ನಾನು ಫೇಲಾದೆ. ಅರಕಲಗೂಡಿನ ಒಬ್ಬಾಕೆ ಗಂಡನ ಕಾಲಿಗೆ ಬೆಳ್ಳುಳ್ಳಿ ಅರೆದು ಕಟ್ಟಿ, ಸುಟ್ಟು ಬೊಬ್ಬೆ ಎದ್ದ ಮೇಲೆ ಕರೆತಂದು, ವಿಷ ಹೊರಗೆ ಬರುತ್ತಿದೆ ಎಂದು ನನಗೆ ಧೈರ್ಯ ಹೇಳಿದ್ದಳು. ನಿಂಬೆಹುಳಿ, ಸೀಮೆಎಣ್ಣೆ, ಟೂತ್‌ಪೇಸ್ಟು ಎಲ್ಲವೂ ತಮ್ಮ ಪ್ರತಾಪ ತೋರಿಸಿ ಸುಸ್ತಾದ ಮೇಲೆ ಬರುವ ಸರದಿ ನನ್ನದು.

ಇವೆಲ್ಲಕ್ಕಿಂತ ನನಗೆ ಅಸಹ್ಯವಾದದ್ದು ಒಂದು ಟ್ಯೂಬು. ಅದರ ಹೆಸರು ಬೇಡ. ಯಾವ ಮೆಡಿಕಲ್ ಶಾಪಿಗೆ ಹೋಗಿ ನವೆ ಎಂದರೂ, ಹುಡುಗ ತಲೆಯೆತ್ತದೆ ಅದನ್ನು ತೆಗೆದು ಗಾಜಿನ ಮೇಲಿಡುತ್ತಾನೆ. ಅದರೊಳಗೆ ಸ್ಟೀರಾಯ್ಡ್ ಇರುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ನವೆ ಬೇಗ ಅಡಗಿ, ಕೆಂಪು ಇಳಿದು, ಜನ ಅಂಗಡಿಯವನನ್ನು ಧನ್ವಂತರಿ ಎಂದುಕೊಳ್ಳುತ್ತಾರೆ. ಒಳಗೆ ಫಂಗಸ್ ಮಾತ್ರ ಕೇಳುವವರಿಲ್ಲದೆ ಸಂಸಾರ ಹೂಡಿ ಸೊಂಟದಿಂದ ತೊಡೆಗೆ, ತೊಡೆಯಿಂದ ಬೆನ್ನಿಗೆ ಹಬ್ಬುತ್ತದೆ. ಟ್ಯೂಬು ಬಿಟ್ಟರೆ ನವೆ ಮೊದಲಿಗಿಂತ ಹೆಚ್ಚಾಗಿ ವಾಪಸು ಬರುತ್ತದೆ. ಆಗ ಮತ್ತೆ ಅದೇ ಟ್ಯೂಬು. ಇಂಥ ಬುದ್ಧಿವಂತಿಕೆಗೆ ಸರ್ಕಾರ ಒಂದು ಪ್ರಶಸ್ತಿ ಕೊಡಬೇಕು.

ಶಿವಲಿಂಗಪ್ಪನವರು ಕೊಬ್ಬರಿ ವ್ಯಾಪಾರದವರು. ವಾರಕ್ಕೊಮ್ಮೆ ನಾನು ಚನ್ನರಾಯಪಟ್ಟಣಕ್ಕೆ ಹೋಗಿ ರೋಗಿಗಳನ್ನು ನೋಡುತ್ತಿದ್ದ ಕಾಲದಲ್ಲಿ ಹೆಂಡತಿ ಗೌರಮ್ಮನ ಜೊತೆ ಬಂದರು. ಹಣೆಯ ತುಂಬ ವಿಭೂತಿ, ಹಸಿರು ಅಂಚಿನ ಪಂಚೆ. ಅಂಗಿ ಎತ್ತಿದರೆ ಸೊಂಟದ ಸುತ್ತ ಜಿಲ್ಲೆಯ ನಕ್ಷೆಯೇ ಇತ್ತು. ಎಷ್ಟು ಕಾಲದಿಂದ ಟ್ಯೂಬು ಹಚ್ಚುತ್ತಿದ್ದೀರಿ ಎಂದು ಕೇಳಿದೆ. ಹಚ್ಚುತ್ತಿದ್ದೀರಾ ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಗಿತ್ತು. ಗೌರಮ್ಮನ ತಮ್ಮ ಮಹೇಶ ಅಲ್ಲೇ ಬಸ್‌ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಶಾಪ್ ಇಟ್ಟಿದ್ದನಂತೆ. ಭಾವನಿಗೆ ಅಂತ ಸ್ಪೆಷಲ್ಲಾಗಿ ಕೊಡುತ್ತಿದ್ದನಂತೆ.

ಆದರೆ ಅವರನ್ನು ನನ್ನ ಹತ್ತಿರ ತಂದದ್ದು ನವೆಯಲ್ಲ. ಮಗಳು ಸುಧಾ ಬಾಣಂತನಕ್ಕೆ ಬಂದಿದ್ದಳು, ಗಂಡು ಮಗು. ತಾತನ ಕಡಿತ ಮಗುವಿಗೆ ಅಂಟೀತೆಂದು ಗೌರಮ್ಮ ಅವರನ್ನು ಬಾಣಂತಿ ಕೋಣೆಯ ಹೊಸಿಲು ದಾಟಲು ಬಿಟ್ಟಿರಲಿಲ್ಲ.

"ಒಂದು ಕಿತ ಎತ್ಕಬೋದಾ ಸಾ?" ಎಂದರು ಶಿವಲಿಂಗಪ್ಪನವರು. ಬೇರೆ ಏನನ್ನೂ ಕೇಳಲಿಲ್ಲ.

ಆಗುವುದಿಲ್ಲ, ಪೂರ್ತಿ ವಾಸಿಯಾಗುವವರೆಗೂ ಮಗುವನ್ನು ಮುಟ್ಟಕೂಡದು ಎಂದೆ. ಮಾತ್ರೆ ಬರೆದೆ, ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿಸಿದೆ, ಟವೆಲ್ಲು ಬೇರೆ, ಹಾಸಿಗೆ ಬೇರೆ, ಬಟ್ಟೆ ಬಿಸಿಲಲ್ಲಿ ಒಣಗಬೇಕು ಎಂದು ನನ್ನ ಎಂದಿನ ಉಪನ್ಯಾಸ ಮಾಡಿದೆ. ಅದು ಬಹಳ ಒಳ್ಳೆಯ ಉಪನ್ಯಾಸ. ನನ್ನ ಕಾಂಪೌಂಡರಿಗೆ ಬಾಯಿಪಾಠವಾಗಿದೆ.

ಟ್ಯೂಬು ಬಿಟ್ಟ ಮೇಲೆ ನವೆ ಉಕ್ಕಿತು. ದೊಡ್ಡ ಡಾಕ್ಟರ ಔಷಧಿಯ ಮಹಿಮೆ ನೋಡಿದಿರಾ ಎಂದು ಮಹೇಶ ಮನೆಗೆ ಬಂದು ಬಂದು ಆಡಿಕೊಂಡನಂತೆ. ಶಿವಲಿಂಗಪ್ಪನವರು ಮಾತ್ರ ಜಗ್ಗಲಿಲ್ಲ. ಮುಂದಿನ ಸಲ ಬಂದಾಗ ಅವರು ತಮ್ಮದೊಂದು ಉಪಾಯವನ್ನು ಹೆಮ್ಮೆಯಿಂದ ಹೇಳಿದರು. ತೊಟ್ಟಿಲಿಗೆ ಉದ್ದನೆಯ ತೆಂಗಿನ ನಾರಿನ ಹಗ್ಗ ಕಟ್ಟಿ, ಅದರ ತುದಿಯನ್ನು ಹೊಸಿಲಾಚೆಗೆ ತಂದುಕೊಂಡು, ಅಲ್ಲೇ ಕೂತು ಎಳೆಯುತ್ತಿದ್ದರಂತೆ. ಮಗು ಅತ್ತರೆ ಮನೆಯವರೆಲ್ಲ ತಮ್ಮನ್ನೇ ಕೂಗುತ್ತಾರೆ ಎಂದು ನಕ್ಕರು. ನಾನೂ ನಕ್ಕು ಮಾತ್ರೆ ಮುಂದುವರಿಸಿ ಎಂದು ಬರೆದುಕೊಟ್ಟೆ.

ಆಮೇಲೊಂದು ದಿನ ಇಡೀ ಸಂಸಾರ ಕಾರು ಮಾಡಿಕೊಂಡು ಹಾಸನಕ್ಕೇ ಬಂದಿಳಿಯಿತು. ಮಗುವಿನ ಬೆನ್ನಿನ ಮೇಲೆ ಎಂಥದೋ ಎದ್ದಿತ್ತು. ಮಗುವನ್ನು ಮೇಜಿನ ಮೇಲೆ ಮಲಗಿಸುವ ಮೊದಲೇ ವಿಚಾರಣೆ ಮುಗಿದು ತೀರ್ಪೂ ಆಗಿತ್ತು.

"ಕದ್ದು ಎತ್ಕೊಂಡವ್ರೆ ಕಣ್ ಸಾ ಇವ್ರು," ಎಂದರು ಗೌರಮ್ಮ. "ನಾನು ಇತ್ಲ ಕಡೀಕೆ ಓಗಿದ್ದಾಗ ಎತ್ಕೊಂಡವ್ರೆ."

ಮಹೇಶ ಭಾವನ ಕಡೆ ನೋಡಿ ತಲೆಯಾಡಿಸಿದ. ಶಿವಲಿಂಗಪ್ಪನವರು ಮೂಲೆಯಲ್ಲಿ ನಿಂತಿದ್ದರು.

"ನಮ್ಮಪ್ಪನಾಣೆಗೂ ಮುಟ್ಟಿಲ್ಲ ಸಾ," ಎಂದರು. "ಅಗ್ಗ ಎಳ್ದಿದ್ದು ಬುಟ್ರೆ ಒಂದು ಬೆಳ್ಳೂ ತಾಕಿಸಿಲ್ಲ."

ಯಾರೂ ನಂಬಲಿಲ್ಲ. ನಂಬುವುದು ನನ್ನ ಕಸುಬಲ್ಲ, ನಾನೂ ನಂಬಲಿಲ್ಲ. ಗಂಟಲು ಸರಿಮಾಡಿಕೊಂಡು ಉಪನ್ಯಾಸಕ್ಕೆ ಅಣಿಯಾದೆ. ಅಷ್ಟರಲ್ಲಿ ಸುಧಾ ಮಗುವಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಬೆನ್ನ ಮೇಲೆ ಉಂಗುರದಂತೆ ಕೆಂಪು ಗುರುತುಗಳು, ಅನುಮಾನವೇ ಇಲ್ಲ, ಹುಳುಕಡ್ಡಿ. ನನ್ನ ಕಣ್ಣು ಮಾತ್ರ ಬಟ್ಟೆಯ ಮೇಲೆ ನಿಂತಿತು. ಅದಕ್ಕೆ ಹಸಿರು ಅಂಚಿತ್ತು. ಮೂಲೆಯಲ್ಲಿ ನಿಂತವರ ಸೊಂಟಕ್ಕೂ ಅದೇ ಹಸಿರು ಅಂಚು.

ಇದು ಯಾರ ಬಟ್ಟೆ ಎಂದು ಕೇಳಿದೆ.

"ಅಪ್ಪಾಜಿ ಪಂಚೆ ಸಾ," ಎಂದಳು ಸುಧಾ. "ಒಸಾ ಬಟ್ಟೆ ಚುಚ್ತದೆ ಅಂತ ಅಮ್ಮ ಅರ್ದು ಮಡಗವ್ರೆ. ತೊಟ್ಲಿಗೂ ಅದ್ನೇ ಆಸೋದು."

ಕೂಸಿಗೆ ಮನೆಯ ಗಟ್ಟಿಮುಟ್ಟಾದ ಹಿರಿಯರ ಹಳೆಯ ಬಟ್ಟೆ ಸುತ್ತುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ಮೆತ್ತಗೂ ಇರುತ್ತದೆ, ಅವರ ಆಯಸ್ಸೂ ಬರುತ್ತದೆ ಎಂದು. ನನ್ನನ್ನೂ ಹಾಗೆಯೇ ಸುತ್ತಿದ್ದರಂತೆ. ತಾತನ ತಟ್ಟೆ ಬೇರೆ ಮಾಡಿದರು, ಚೊಂಬು ಬೇರೆ ಮಾಡಿದರು, ತಾತನನ್ನೇ ಹೊಸಿಲಾಚೆ ಕೂರಿಸಿದರು. ಆಮೇಲೆ ತಾತನ ಸೊಂಟದ ಮೇಲಿದ್ದ ಪಂಚೆಯಲ್ಲೇ ಮಗುವನ್ನು ಸುತ್ತಿ ಮಲಗಿಸಿದರು. ಅದನ್ನು ಒಗೆಯುತ್ತಿದ್ದದ್ದೂ ತಾತನ ಬಟ್ಟೆಯ ಜೊತೆಗೇ, ಒಂದೇ ಬಕೆಟ್ಟಿನಲ್ಲಿ ನೆನೆಹಾಕಿ. ಅಷ್ಟು ಸಾಲದು ಎಂಬಂತೆ ಮಹೇಶ ಮಗುವಿನ ಬೆನ್ನಿಗೂ ತನ್ನ ಟ್ಯೂಬು ಹಚ್ಚಿಸಿದ್ದ. ಅವನಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವನು ಹೊರಗೆ ಹೋಗಿ ಕಾರಿನಲ್ಲಿ ಕೂತ.

ಇನ್ನು ಯಾರನ್ನು ಯಾರಿಂದ ಕಾಯುವುದು? ಇಬ್ಬರಿಗೂ ಒಂದೇ ರೋಗ, ಇಬ್ಬರಿಗೂ ಔಷಧಿ ಶುರು. ಒಂದು ಶುಭ್ರವಾದ ಬಟ್ಟೆ ತರಿಸಿ, "ಎತ್ಕೊಳ್ಳಿ ಯಜಮಾನ್ರೇ," ಎಂದೆ.

ಅವರು ಹೆಂಡತಿಯ ಮುಖ ನೋಡಿದರು. ಗೌರಮ್ಮ ಆ ಹಸಿರು ಅಂಚನ್ನೇ ನೋಡುತ್ತ ಕೂತಿದ್ದರು, ತಲೆ ಎತ್ತಲಿಲ್ಲ. ಶಿವಲಿಂಗಪ್ಪನವರು ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಬಂದರು. ಸುಧಾ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅವರ ತೋಳಿನ ಮೇಲಿಟ್ಟಳು. ಅವರು ತೋಳನ್ನು ಒಮ್ಮೆ ಮೆಲ್ಲಗೆ ಮೇಲೆತ್ತಿ ತೂಗಿ ನೋಡಿದರು.

"ತೊಟ್ಲು ಎಳೀವಾಗ ಬಾರವಾಗಿದ್ದ ಸಾ," ಎಂದರು. "ಇಷ್ಟು ಅಗೂರವಾ ಇವ್ನು?"

ನಾನು ಚೀಟಿ ಬರೆಯುವ ನೆಪದಲ್ಲಿ ತಲೆ ಬಗ್ಗಿಸಿದೆ. ಅಷ್ಟು ಕಾಲ ಮನೆಯಲ್ಲಿದ್ದ ಮೊಮ್ಮಗನನ್ನು ಆ ಮನುಷ್ಯ ಎತ್ತಿಕೊಳ್ಳಬೇಕಾದರೆ ಆ ಮಗುವಿಗೂ ರೋಗ ಬರಬೇಕಾಯಿತು. ಹಾಗೆ ಮಾಡಿದವರು ನಾವೆಲ್ಲ ಜಾಣರು ಸೇರಿ.

ಇಷ್ಟು ನೆನೆದು ಬಾಯಿ ತೊಳೆದುಕೊಂಡು ಒಳಗೆ ಬಂದೆ. ಸ್ಕೂಟರಿಗೆ ಅಷ್ಟೊಂದು ತುಂಡು ಯಾಕೆ ಎಂದು ಹೆಂಡತಿಯನ್ನು ಕೇಳಿದೆ.

"ಸ್ಕೂಟರಿಗೆ ಯಾರು ಹರೀತಾರೆ? ಮಗಳು ಬಾಣಂತನಕ್ಕೆ ಬರ್ತಾಳಲ್ಲ, ಮಗೂಗೆ," ಎಂದಳು.

ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿ ಲೈಟು ಹಾಕಿದೆ. ಊರಿನವರ ಚರ್ಮವನ್ನೆಲ್ಲ ನೋಡಿ ಮೂಗು ಮುರಿದ ತಜ್ಞರು ಪಂಚೆ ಸಡಿಲಿಸಿ ಕನ್ನಡಿಗೆ ಬೆನ್ನು ಹಾಕಿ, ಕತ್ತು ಹೊರಳಿಸಿ ತಮ್ಮ ಸೊಂಟವನ್ನು ತಾವೇ ಹುಡುಕಿದರು. ಏನೂ ಇರಲಿಲ್ಲ. ಆದರೂ ಸಮಾಧಾನವಾಗಲಿಲ್ಲ. ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಒಲೆ ಹಚ್ಚಿ, ಪಂಚೆಯ ತುಂಡುಗಳನ್ನೆಲ್ಲ ಅದರೊಳಗೆ ಹಾಕಿದೆ.

"ಒಗ್ದಿರೋ ಪಂಚೆ, ಅದೂ ನಿಮ್ದೇ. ಅದನ್ನೂ ಕುದಿಸ್ಬೇಕಾ?" ಎಂದಳು ಹೆಂಡತಿ.

ಚೆನ್ನಾಗಿ ಕುದಿಯಲಿ ಎಂದೆ. ಹೊಸಿಲಾಚೆ ಕೂತು ಹಗ್ಗ ಎಳೆಯುವಷ್ಟು ತಾಳ್ಮೆ ನನಗಿಲ್ಲ.