ಹಿಂಡಿ ಡಾಕ್ಟರು

ಕುರಿ ಸಂಶೋಧನಾ ಕೇಂದ್ರದಲ್ಲಿ ಎಣ್ಣೆ ತೆಗೆದ ಹಿಂಡಿಯಂಥ ಮೇವುಗಳನ್ನು ಪರೀಕ್ಷಿಸುತ್ತಿದ್ದ ಅಪ್ಪನನ್ನು ಬೀದಿಯವರೆಲ್ಲ ಹಿಂಡಿ ಡಾಕ್ಟರು ಎಂದೇ ಕರೆಯುತ್ತಿದ್ದರು. ಎಣ್ಣೆಗಾಣದ ಮುಂದೆ ಹಾದುಹೋದರೆ ಮಗಳಿಗೆ ಇವತ್ತಿಗೂ ಅವರ ಅಂಗಿಯ ವಾಸನೆ ಬಂದಂತಾಗುತ್ತದೆ. ಯಾವ ಮೇವು ಕುರಿಗೆ ಎಷ್ಟು ದಕ್ಕಿತು ಎಂದು ತಿಳಿಯಲು ಅವರು ಕುರಿಗಳ ಹಿಂಬದಿಗೆ ಚೀಲ ಕಟ್ಟಿ, ಬಿದ್ದ ಹಿಕ್ಕೆಯನ್ನು ಒಣಗಿಸಿ, ಅಕ್ಕಸಾಲಿಗನಂತೆ ಉಸಿರು ಬಿಗಿಹಿಡಿದು ತೂಗುತ್ತಿದ್ದರು. ಊಟಕ್ಕೆ ಕೂತರೂ ಅದೇ ಮಾತು. “ಕಡಲೆಕಾಯಿ ಹಿಂಡಿಗೆ ಬಲು ಆತುರ, ಕುರಿಗಿರೋ ನಾಲ್ಕು ಹೊಟ್ಟೇಲಿ ಮೊದಲನೇದ್ರಲ್ಲೇ ಕರಗಿಹೋಗುತ್ತೆ. ಮೀನಿನ ಪುಡಿ ಹಾಗಲ್ಲ, ಕರುಳು ಮುಟ್ಟೋವರೆಗೂ ಗುಟ್ಟು ಬಿಡಲ್ಲ,” ಎನ್ನುವರು. “ಉಣ್ಣೋ ಹೊತ್ತಲ್ಲಿ ನಿಮ್ಮ ಹಿಕ್ಕೆ ಪುರಾಣ ಬೇಡ,” ಎಂದು ಅಮ್ಮ ಗದರುವಳು. ನೆಂಟರನ್ನೂ ಅವರು ಬಿಟ್ಟವರಲ್ಲ: ಬಾಯಿಬಡುಕ ಚಿಕ್ಕಪ್ಪ ಕಡಲೆಕಾಯಿ ಹಿಂಡಿ, ಮನಸ್ಸು ಬಿಚ್ಚದ ಸೋದರತ್ತೆ ಮೀನಿನ ಪುಡಿ. ಅಮ್ಮ ಹಾಸಿಗೆ ಹಿಡಿದ ವರ್ಷ ಅವಳ ಹೊಟ್ಟೆಯಲ್ಲಿ ಏನೂ ನಿಲ್ಲದಾಯಿತು. ಅಪ್ಪ ರಜೆ ಹಾಕಿ ಒಲೆಯ ಮುಂದೆ ನಿಂತರು. ಗಂಜಿ, ಬೇಳೆಯ ತಿಳಿ, ಹಾಲು, ಹೀಗೆ ಒಂದೊಂದನ್ನೇ ಚಮಚದಲ್ಲಿ ಕುಡಿಸಿ ಅವಳ ಮುಖವನ್ನೇ ನೋಡುತ್ತ ಕೂರುವರು. “ಏನ್ರೀ, ನನ್ನನ್ನೂ ಕುರಿ ಮಾಡಿಬಿಟ್ರಾ?” ಎಂದು ಅಮ್ಮ ಒಂದು ದಿನ ನಕ್ಕಳು. ಅಪ್ಪ ನಗಲಿಲ್ಲ. “ಕುರಿ ಆಗಿದ್ದಿದ್ರೆ ಏನು ಕೊಡ್ಬೇಕು ಅಂತ ನಂಗೆ ಗೊತ್ತಿರ್ತಿತ್ತು ಕಣೇ,” ಎಂದರು.