ಹೆಣ್ಣು ಕೇಳುವ ಹಾಗೆ ಅಪ್ಪನನ್ನು ಕೇಳಿದವರು

ಬೆಳಗಿನ ನಮಾಜು ಈಗಷ್ಟೇ ಮುಗಿದಿದೆ. ನಮ್ಮ ಅರಬ್ ನಾಡಿನ ಸಾಲ್ಟ್ ಪಟ್ಟಣದ ಏರುದಾರಿಯ ಕೊನೆಗಿರುವ ವೃದ್ಧಾಶ್ರಮದ ಅಂಗಳದಲ್ಲಿ ಮುಫದ್ದಿ ಕೆಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾಫಿಬೀಜ ಹುರಿಯುತ್ತಿದ್ದಾರೆ. ಹುರಿದದ್ದನ್ನು ಮರದ ಒರಳಿಗೆ ಸುರಿದು ಕುಟ್ಟತೊಡಗಿದರೆ ಅದಕ್ಕೊಂದು ತಾಳ. ಆ ಸದ್ದಿಗೆ ಒಂದೊಂದೇ ಕಿಟಕಿ ತೆರೆಯುತ್ತದೆ.

"ಇವತ್ತು ಸೀಸಿಬಿಟ್ಟೆಯಲ್ಲೋ!" ಎಂದು ಮೇಲಿಂದ ಒಬ್ಬ ಅಜ್ಜ ಕೂಗುತ್ತಾರೆ.

"ಸೀದಿರೋದು ನಿಮ್ಮ ಮೂಗು. ಕೆಳಗೆ ಬನ್ನಿ," ಎಂದು ಮುಫದ್ದಿ ತಲೆಯೆತ್ತದೆ ಉತ್ತರ ಕೊಡುತ್ತಾರೆ.

ಮುಫದ್ದಿ ಇಲ್ಲಿಗೆ ಸೇರಿದ್ದು ಕಾವಲುಗಾರನಾಗಿ. ಕಾಫಿ ಮಾಡೆಂದು ಯಾರೂ ಹೇಳಿರಲಿಲ್ಲ. ಯಂತ್ರದಿಂದ ಬರುವ ಬಣ್ಣದ ನೀರನ್ನು ಹಿರಿಯರು ಗಿಡಕ್ಕೆ ಸುರಿಯುವುದನ್ನು ನೋಡಲಾಗದೆ ತಾವೇ ಒಲೆ ಹೂಡಿದರು. ಈಗ ದಿನಕ್ಕೆ ಮೂರು ಸುತ್ತು, ನಲವತ್ತು ಬಟ್ಟಲು. ಹೊಗೆಗೆ ಕಣ್ಣು ಕೆಂಪಾಗಿದೆ, ಮೊಣಕಾಲು ಹಿಡಿದಿದೆ. ಸಂಬಳ ಮಾತ್ರ ಇವತ್ತಿಗೂ ಕಾವಲುಗಾರನದ್ದೇ.

ನಮ್ಮಲ್ಲಿ ವೃದ್ಧಾಶ್ರಮದ ಮಾತನ್ನು ಜನ ದನಿ ತಗ್ಗಿಸಿ ಆಡುತ್ತಾರೆ. ಹೆತ್ತವರನ್ನು ಇಲ್ಲಿ ಬಿಟ್ಟವರಿಗೆ ಬೀದಿ ಹಚ್ಚುವ ಕೆಟ್ಟ ಹೆಸರು ಸಾಯುವವರೆಗೂ ಅಳಿಯುವುದಿಲ್ಲ. ಹಾಗೆ ಹೆಸರು ಹಚ್ಚುವ ಪುಣ್ಯಾತ್ಮರಲ್ಲಿ ಒಬ್ಬರಾದರೂ ಒಂದು ಹೊತ್ತು ಬಂದು ಮುದುಕರ ಪಕ್ಕ ಕೂರುತ್ತಾರೆಯೇ? ಕೇಳಬೇಡಿ, ನನಗೆ ಸಿಟ್ಟು ಬರುತ್ತದೆ.

ಇಂತಿಸಾರ್ ಅವರಿಗೂ ಇದೇ ಭಯವಿತ್ತು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಅವರಿಗೆ ಕೆಲಸ. ಮನೆಯಲ್ಲಿ ಇರುವುದು ತಾವು ಮತ್ತು ಅಪ್ಪ, ಒಂದು ಕಾಲದಲ್ಲಿ ಅಕಾಬಾ ಬಂದರಿನ ದಾರಿಯಲ್ಲಿ ಲಾರಿ ಓಡಿಸಿದ ಹಾಜಿ ಸುವೈಲಿಂ. ಮಗಳು ಕೆಲಸಕ್ಕೆ ಹೋದಾಗ ಹಾಜಿ ಗ್ಯಾಸ್ ಆರಿಸುವುದನ್ನು ಮರೆಯತೊಡಗಿದರು. ಆಮೇಲೆ ಬಚ್ಚಲಲ್ಲಿ ಬಿದ್ದರು. ಇಂತಿಸಾರ್ ಸುತ್ತಲಿನ ಆಶ್ರಮಗಳನ್ನೆಲ್ಲ ಸುತ್ತಿದರು. ಒಂದರಲ್ಲಿ ನೆಲ ಫಳಫಳ ಹೊಳೆಯುತ್ತಿತ್ತು, ಹಿರಿಯರು ಟಿವಿ ಮುಂದೆ ಸಾಲಾಗಿ ತೂಕಡಿಸುತ್ತಿದ್ದರು. ಇನ್ನೊಂದರಲ್ಲಿ ಕರೆಗಂಟೆ ಒತ್ತಿದರೂ ಯಾರೂ ಬರಲಿಲ್ಲ.

"ಇಲ್ಲಿಗೆ ಬಂದ್ರೆ ಅಂಗಳದಲ್ಲಿ ದೊಡ್ಡ ಜಗಳ," ಎನ್ನುತ್ತಾರೆ ಇಂತಿಸಾರ್. "ಇಸ್ಪೀಟಲ್ಲಿ ಯಾರೋ ಮೋಸ ಮಾಡಿದ್ರಂತೆ. ಸದ್ಯ, ಇಲ್ಲಿರೋರಿಗೆ ಜಗಳ ಆಡೋಷ್ಟು ಜೀವ ಇದೆ ಅಂದ್ಕೊಂಡು ಅಪ್ಪಂಗೂ ತೋರಿಸೋಣ ಅಂತ ಕರ್ಕೊಂಡು ಬಂದೆ."

ಅಂದು ಮುಫದ್ದಿ ಕೊಟ್ಟ ಕಾಫಿ ಬಟ್ಟಲನ್ನು ಹಾಜಿ ತೆಗೆದುಕೊಂಡು ನೆಲದ ಮೇಲಿಟ್ಟರು. ಮುಟ್ಟಲಿಲ್ಲ. ವ್ಯವಸ್ಥಾಪಕಿ ಚಹಾ ತರಿಸಿದರು, ಅದೂ ತಣ್ಣಗಾಯಿತು. ಮಾವಿನ ರಸ ಬಂತು. ಹಾಜಿ ಅದನ್ನು ಕಂಡು ಮುಖ ಕಿವುಚಿದರು. ಇಂತಿಸಾರ್ ಕಣ್ಣಲ್ಲಿ ನೀರು. "ಇಷ್ಟ ಇಲ್ಲ ಅಂದ್ರೆ ಹೇಳಪ್ಪ, ಮನೆಗೆ ಹೋಗೋಣ," ಎಂದರು.

"ನನ್ನ ಕಾಫಿ ಕೆಟ್ಟಿದೆ ಅಂತ ನಾನೂ ಹೆದರಿದೆ," ಎಂದು ಮುಫದ್ದಿ ನಗುತ್ತಾರೆ. "ಇನ್ನೊಂದು ಬಟ್ಟಲು ತಂದೆ. ಅದನ್ನೂ ಪಕ್ಕದಲ್ಲೇ ಇಟ್ಟರು. ಆಗ ಹೊಳೀತು ನೋಡಿ."

ಹೆಣ್ಣು ಕೇಳಲು ಹೋದವರು, ರಾಜಿ ಕೇಳಲು ಹೋದವರು ನಮ್ಮಲ್ಲಿ ಕಾಫಿಯನ್ನು ಕೆಳಗಿಡುತ್ತಾರೆ. 'ಕುಡಿಯಿರಿ, ಬಂದ ಕೆಲಸ ಆಯಿತು' ಎಂದು ಮನೆಯವರು ಅನ್ನುವವರೆಗೆ ಬಟ್ಟಲು ಮುಟ್ಟುವುದಿಲ್ಲ. ಇದು ಎಲ್ಲರಿಗೂ ಗೊತ್ತು. ವೃದ್ಧಾಶ್ರಮದಲ್ಲಿ ಯಾರಿಗೆ ನೆನಪಾಗಬೇಕು?

ಮುಫದ್ದಿ ಎದುರು ಕೂತು ಕೇಳಿದರು: "ಏನಾಗಬೇಕು ಹಾಜಿ?"

"ನಾನು ಬರ್ತೀನಪ್ಪ, ಬರಲ್ಲ ಅನ್ನಲ್ಲ," ಎಂದರು ಹಾಜಿ. "ಆದರೆ ನಾಳೆ ಬೀದಿಯವರು ಇವಳನ್ನ 'ಅಪ್ಪನ್ನ ಹೊರಗೆ ಹಾಕಿದವಳು' ಅಂತಾರೆ. ಅದನ್ನ ತಡ್ಕೊಳ್ಳೋಕೆ ನನ್ನಿಂದ ಆಗಲ್ಲ. ನೀವೇ ನಾಲ್ಕು ಜನ ದೊಡ್ಡವರು ನಮ್ಮನೆಗೆ ಬನ್ನಿ. ಎಲ್ಲರೆದುರು ನನ್ನನ್ನ ಕೇಳಿ. ಹಾಕಿದಳು ಅನ್ನಬಾರದು, ಕೇಳಿ ಕರ್ಕೊಂಡು ಹೋದ್ರು ಅನ್ನಬೇಕು."

"ಕುಡೀರಿ ಹಾಜಿ. ಆಯ್ತು," ಎಂದುಬಿಟ್ಟರು ಮುಫದ್ದಿ. ವ್ಯವಸ್ಥಾಪಕಿಯ ಮುಖ ನೋಡಲೂ ಇಲ್ಲ.

ಶುಕ್ರವಾರ ಆಶ್ರಮದ ವ್ಯಾನು ಹೊರಟಿತು. ಅಜ್ಜಂದಿರದು ಇಸ್ತ್ರಿ ಮಾಡಿದ ನಿಲುವಂಗಿ, ಕೆಂಪು ಚೌಕಳಿಯ ತಲೆವಸ್ತ್ರ. ಒಬ್ಬರು ಇನ್ನೊಬ್ಬರ ಅತ್ತರು ಕದ್ದು ಬಳಿದುಕೊಂಡು ದಾರಿಯುದ್ದಕ್ಕೂ ಬೈಸಿಕೊಂಡರು. ಗಾಲಿಕುರ್ಚಿ ಇಳಿಸುವ ಹೊತ್ತಿಗೆ ಬೀದಿಯೆಲ್ಲ ಬಾಗಿಲಿಗೆ ಬಂದಿತ್ತು.

"ಯಾರದಪ್ಪ ಮದುವೆ?"

"ಸುವೈಲಿಂನದು!"

ನೆರೆಯವರಿಂದ ತುಂಬಿದ ಕೋಣೆಯಲ್ಲಿ ಮುಫದ್ದಿ ತಮ್ಮ ಬಟ್ಟಲನ್ನು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. "ನಮ್ಮಲ್ಲಿ ಅಂಗಳ ಇದೆ, ಒಲೆ ಇದೆ, ಜನ ಇದ್ದಾರೆ. ಅಕಾಬಾ ದಾರಿಯ ಕಥೆ ಹೇಳೋರು ಮಾತ್ರ ಇಲ್ಲ. ನಿಮ್ಮ ಹಾಜಿಯನ್ನ ನಮಗೆ ಕೊಡಿ ಅಂತ ಕೇಳೋಕೆ ಬಂದಿದ್ದೀವಿ."

ಇಂಥ ಕಡೆ ಗಂಡಸರೇ ಉತ್ತರ ಹೇಳುವುದು ರೂಢಿ. ಹಾಜಿ ಮಗಳತ್ತ ನೋಡಿದರು. "ಕೊಡೋಳು ಅವಳು, ಅವಳನ್ನೇ ಕೇಳಿ," ಎಂದರು.

ಇಂತಿಸಾರ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಪ್ರತಿ ಶುಕ್ರವಾರದ ಊಟಕ್ಕೆ ಅಪ್ಪ ಈ ಮನೇಲೇ ಇರಬೇಕು. ಅದಕ್ಕೆ ಒಪ್ಪಿಗೆ ಅಂದ್ರೆ ಕಾಫಿ ಕುಡೀರಿ," ಎಂದರು. ಮುಫದ್ದಿ ಒಂದೇ ಗುಟುಕಿಗೆ ಕುಡಿದರು. ಮದುವೆಮನೆಯ ಹಾಗೆ ನಾಲಿಗೆಯಾಡಿಸಿ ಹರ್ಷದ ಕೂಗು ಹಾಕಿದ್ದು ಯಾರು ಗೊತ್ತೇ? ಊರವರನ್ನೆಲ್ಲ ಆಡಿಕೊಳ್ಳುವ ಎದುರುಮನೆಯ ಉಮ್ ಜಮೀಲ್!

"ಆ ಕೂಗು ಕೇಳಿ ನಾನು ಅತ್ತುಬಿಟ್ಟೆ," ಎನ್ನುತ್ತಾರೆ ಇಂತಿಸಾರ್. "ಇವತ್ತಿಗೂ ಬೀದೀಲಿ ತಲೆ ಎತ್ಕೊಂಡು ನಡೀತೀನಿ."

ಹಾಜಿಗೆ ಈಗಿರುವ ದೂರು ಇಸ್ಪೀಟಾಟದ್ದು ಮಾತ್ರ. ಆಶ್ರಮ ನೋಡಲು ಬರುವ ಮಕ್ಕಳು ಕೋಣೆ, ಔಷಧ, ಊಟ ಎಲ್ಲ ವಿಚಾರಿಸಿ ಕೊನೆಗೆ ಮೆಲ್ಲಗೆ ಕೇಳುತ್ತಾರಂತೆ: "ನಮ್ಮನೆಗೂ ಬರ್ತೀರಾ?" ಮುಫದ್ದಿ ಹೋಗುತ್ತಾರೆ. ಅದಕ್ಕೆಂದೇ ಒಂದು ಒಳ್ಳೆಯ ನಿಲುವಂಗಿ ಎತ್ತಿಟ್ಟಿದ್ದಾರೆ.

ನಿಮಗೇನು ಬೇಕು ಎಂದು ಕೇಳುತ್ತೇನೆ. ಮುಫದ್ದಿ ಕೆಂಡ ಕೆದಕುತ್ತಾರೆ.

"ನನಗೂ ವಯಸ್ಸಾಗ್ತಾ ಬಂತು. ಹಿಂದೆಮುಂದೆ ಯಾರೂ ಇಲ್ಲ. ನನ್ನನ್ನೂ ಒಂದಿನ ಯಾರಾದರೂ ಬಂದು ಕೇಳಲಿ. ಕೇಳಿದ ತಕ್ಷಣ ಹೂಂ ಅನ್ನಲ್ಲ ಮತ್ತೆ, ಸ್ವಲ್ಪ ಕಾಯಿಸ್ತೀನಿ."