ಕಾಡುಭತ್ತಕ್ಕೆ ಬೀಸಿದ ಕತ್ತಿ

ಮಂಡೆಕೋಲಿನ ನಮ್ಮ ಗದ್ದೆಗೆ ನೀರು ಹರಿಯುವ ತೋಡಿನ ಬದಿಯಲ್ಲಿ ಕಾಡುಭತ್ತ ಬೆಳೆಯುತ್ತಿತ್ತು. ಯಾರೂ ಬಿತ್ತಿದ್ದಲ್ಲ. ಕಾಳಿನ ತುದಿಗೆ ಉದ್ದನೆಯ ಮೀಸೆ. ಬಲಿತದ್ದೇ ತಡ, ಉದುರಿ ಕೆಸರು ಸೇರುತ್ತಿತ್ತು. ಒಂದು ವರ್ಷ ಬೆಂಕಿರೋಗ ಬಂದು ದೊಡ್ಡಪ್ಪ ಬೆಳೆಸಿದ ಪೈರೆಲ್ಲ ಸುಟ್ಟಂತೆ ಕರಟಿದಾಗ ಅದೊಂದೇ ಹಸಿರಾಗಿ ನಿಂತಿತ್ತು. ಭತ್ತದ ತಳಿ ಸಂಶೋಧನೆಯಲ್ಲಿ ಕೆಲಸ ಮಾಡುವ ನನಗೆ ಅಷ್ಟು ಸಾಕಾಯಿತು. ಆ ರೋಗ ತಾಳುವ ಗುಣವನ್ನು ಊರಿನ ಭತ್ತಕ್ಕೆ ತರಬೇಕೆಂದು, ಕಾಳು ಉದುರದಂತೆ ತೆನೆಗಳಿಗೆ ಬಟ್ಟೆಯ ಚೀಲ ಕಟ್ಟಿಟ್ಟೆ.

ದೊಡ್ಡಪ್ಪನಿಗೆ ಅದು ಶತ್ರು. ಅದರ ಬೀಜ ಗದ್ದೆಗೆ ನುಗ್ಗಿ ಪೈರು ಕೆಡಿಸುತ್ತದೆಂಬ ಸಿಟ್ಟು. ಅದು ಸುಳ್ಳೂ ಅಲ್ಲ. ಒಂದು ಬೆಳಿಗ್ಗೆ ಕತ್ತಿ ಹಿಡಿದು ತೋಡಿಗಿಳಿದರು. ನಾನು ಓಡಿ ಬರುವಷ್ಟರಲ್ಲಿ ಮುಕ್ಕಾಲು ಪಾಲು ಕಡಿದಾಗಿತ್ತು.

"ಕಡಿಯಬೇಡಿ ದೊಡ್ಡಪ್ಪ! ಬಲಿಯಲಿಕ್ಕೆ ಇನ್ನು ನಾಲ್ಕೇ ದಿವಸ ಉಂಟು."

"ಇಲ್ಲಿ ಪೈರು ಸತ್ತು ಬಿದ್ದಿದೆ, ನೀನು ಕಳೆಗೆ ಚೀಲ ಕಟ್ಟುದಾ? ಎಂತ ಕಲಿತದ್ದು ನೀನು?"

ಉಳಿದ ಬುಡವನ್ನು ತಬ್ಬಿ ಕೂತೆ. ಅವರು ಜಡೆ ಹಿಡಿದು ಎಳೆದರು. ನಾನು ಅವರ ಮುಂಗೈ ಕಚ್ಚಿದೆ. ಬಾಯಿಗೆ ರಕ್ತದ ಉಪ್ಪು ಬಂತು. ಅವರು ಕೆನ್ನೆಗೆ ಬಾರಿಸಿದರು, ನಾನು ಒದ್ದೆ. ಇಬ್ಬರೂ ಕೆಸರಲ್ಲಿ ಹೊರಳಾಡಿದೆವು. ಅವರು ಎದ್ದು ಗಿಡಕ್ಕೆಂದು ಬೀಸಿದ ಕತ್ತಿ, ಬುಡಕ್ಕೆ ಅಡ್ಡ ಹಿಡಿದ ನನ್ನ ಬಲಗೈಗೆ ಬಿತ್ತು. ಕಿರುಬೆರಳು ಚರ್ಮದಲ್ಲಿ ನೇತಾಡಿತು.

ಕತ್ತಿ ಎಸೆದು ಅವರೇ ತಲೆಗೆ ಸುತ್ತಿದ ಬೈರಾಸು ಬಿಚ್ಚಿ ಗಾಯಕ್ಕೆ ಕಟ್ಟಿದರು. ನೆರೆಮನೆಯ ಜೀಪಿನಲ್ಲಿ ಸುಳ್ಯದ ಆಸ್ಪತ್ರೆ ತಲುಪುವ ತನಕ "ಕಣ್ಣು ಮುಚ್ಚಬೇಡ ಮಗಳೇ" ಎನ್ನುತ್ತಲೇ ಇದ್ದರು. ಬೆರಳು ಉಳಿಯಲಿಲ್ಲ. ನರ್ಸ್ ನನ್ನ ಎಡಗೈ ಮುಷ್ಟಿ ಬಿಡಿಸಿದಾಗ ಒಂದು ಚೀಲ, ಅದರೊಳಗೆ ಹನ್ನೊಂದು ಕಾಳು.

ಮೊಳೆತದ್ದು ಮೂರು. ಆಮೇಲಿನ ಕೆಲಸವೂ ಕ್ರೂರವೇ. ಊರಿನ ಭತ್ತದ ಹೂವಿನ ತುದಿ ಕತ್ತರಿಸಿ, ಅದರ ಕೇಸರ ಕಿತ್ತು, ಕಾಡುಭತ್ತದ ಪರಾಗ ಉದುರಿಸಬೇಕು. ಹುಟ್ಟಿದವುಗಳಲ್ಲಿ ಹೆಚ್ಚಿನವು ಜಳ್ಳು. ಕೆಲವು ಕಾಡುಭತ್ತದಂತೆಯೇ ಕಾಳು ಉದುರಿಸಿದವು. ಅವನ್ನು ಕಿತ್ತು ಸುಟ್ಟೆ. ಉಳಿದವನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಊರಿನ ಭತ್ತಕ್ಕೇ ಕೂಡಿಸಿದೆ. ಕೊನೆಗೆ, ಬೇಕೆಂದೇ ಬೆಂಕಿರೋಗ ತಗಲಿಸಿದ ಪಾತಿಯಲ್ಲಿ ಊರಿನ ಸಸಿಗಳೆಲ್ಲ ಸತ್ತವು. ನನ್ನವುಗಳಲ್ಲಿ ಒಂದು ಸಾಲು ನಿಂತಿತು.

ಕಳೆದ ಮಳೆಗಾಲ ಆ ಸಾಲಿನ ಬೀಜದ ಸಸಿಗಳನ್ನು ನಮ್ಮ ಗದ್ದೆಯ ಒಂದು ಮೂಲೆಯಲ್ಲಿ ನೆಟ್ಟೆ. ಕೊಯ್ಲಿನ ನಂತರ ದೊಡ್ಡಪ್ಪ ಆ ಭತ್ತದ ಅನ್ನ ಉಂಡು, ನನ್ನ ಬಲಗೈ ನೋಡಿದರು.

"ರುಚಿ ಸಾಲದು," ಎಂದರು. ಮತ್ತೆ ತಲೆ ತಗ್ಗಿಸಿ, "ದೊಡ್ಡ ಗದ್ದೆಗೆ ಆಗುವಷ್ಟು ಬೀಜ ಉಂಟಾ?" ಎಂದು ಕೇಳಿದರು.